ನಿಂತಲ್ಲೇ ಮುಪ್ಪಾಗುವ ಟೈರು: ಟ್ರೇಲರ್ ಇಟ್ಟುಕೊಂಡವರಿಗೆ ಒಂದು ಪಾಠ



ಟ್ರೇಲರ್ ಎಂದ ಕೂಡಲೇ ಯಾವುದೋ ಹೊಸ ಕನ್ನಡ ಚಿತ್ರದ ಟ್ರೇಲರ್ ಇರಬೇಕೆಂದು ಈ ಮೇಲ್ ತೆರೆದವರು ಕ್ಷಮಿಸಬೇಕು. ಇದು ಕಾರಿನ ಹಿಂದೆ ಕೊಂಡಿ ಹಾಕಿ ಎಳೆದೊಯ್ಯುವ ಎರಡು ಚಕ್ರದ ಬಡಪಾಯಿ ಟ್ರೇಲರಿನ ವಿಷಯ. ಲೊಂಬಾರ್ಡ್, ನೇಪರ್‌ವಿಲ್, ಅರೋರಾ ಕಡೆಯ ನಮ್ಮವರ ಹಿತ್ತಿಲುಗಳಲ್ಲಿ ಇಂಥವು ಅಲ್ಲೊಂದು ಇಲ್ಲೊಂದು ಕಾಣುತ್ತವೆ. ಮೇ ತಿಂಗಳಲ್ಲಿ ಲಿಲೇಸಿಯಾ ಪಾರ್ಕಿನ ಲೈಲ್ಯಾಕ್ ಅರಳುವ ಹೊತ್ತಿಗೆ ಅಂಗಳಕ್ಕೆ ಮಲ್ಚ್ ತರಬೇಕು. ಆಗಸ್ಟಿನಲ್ಲಿ ಮಗನ ಮೇಜು, ಹಾಸಿಗೆ, ಪುಟ್ಟ ಫ್ರಿಜ್ಜು ಎಲ್ಲವನ್ನೂ ಶಾಂಪೇನಿಗೆ ಸಾಗಿಸಬೇಕು. ನವೆಂಬರಿನಲ್ಲಿ ರಾಜ್ಯೋತ್ಸವದ ರಂಗಸಜ್ಜಿಕೆ, ಬಿಸಿಬೇಳೆಬಾತಿನ ದೊಡ್ಡ ಪಾತ್ರೆಗಳನ್ನು ಹೊರಬೇಕು. ವರ್ಷಕ್ಕೆ ಆರೇಳು ಸಲ ಓಡಾಡಿದರೆ ಹೆಚ್ಚು. ಉಳಿದ ದಿನವೆಲ್ಲ ಬಿಸಿಲು, ಮಳೆ, ಹಿಮ ಮೂರನ್ನೂ ಮೈಮೇಲೆ ಹಾಕಿಕೊಂಡು ಅದು ನಿಂತೇ ಇರುತ್ತದೆ. ತೊಂದರೆ ಇರುವುದೇ ಈ ನಿಲ್ಲುವುದರಲ್ಲಿ.

ಕಾರಿನ ಟೈರು ಸಾಮಾನ್ಯವಾಗಿ ಸವೆದು ಹಾಳಾಗುತ್ತದೆ. ಟ್ರೇಲರಿನ ಟೈರು ಸವೆಯುವ ಮೊದಲೇ ಮುಪ್ಪಾಗುತ್ತದೆ. ಹೀಗೇಕೆ ಎಂದರೆ, ಬಿಸಿಲಿನ ಅತಿನೇರಳೆ ಕಿರಣ ಮತ್ತು ಗಾಳಿಯಲ್ಲಿರುವ ಓಝೋನ್ ರಬ್ಬರಿನ ಶತ್ರುಗಳು. ಇವನ್ನು ತಡೆಯಲೆಂದೇ ತಯಾರಕರು ರಬ್ಬರಿನೊಳಗೆ ಒಂದು ಬಗೆಯ ಮೇಣವನ್ನೂ ಕೆಲವು ರಾಸಾಯನಿಕಗಳನ್ನೂ ಬೆರೆಸಿರುತ್ತಾರೆ. ಟೈರು ಉರುಳುವಾಗ ಅದರ ಪಕ್ಕೆ ಬಾಗಿ ಏಳುತ್ತದಲ್ಲ, ಆಗ ಒಳಗಿನ ಮೇಣ ಸ್ವಲ್ಪ ಸ್ವಲ್ಪವಾಗಿ ಹೊರಮೈಗೆ ಬಂದು ತೆಳುವಾದ ಪದರ ಕಟ್ಟುತ್ತದೆ. ಅಭ್ಯಂಜನಕ್ಕೆ ಎಣ್ಣೆ ಹಚ್ಚಿಕೊಂಡಂತೆ! ಓಡಾಡದ ಟೈರಿಗೆ ಈ ಎಣ್ಣೆಸ್ನಾನವಿಲ್ಲ. ಹೊರಮೈ ಒಣಗಿ ಕೂದಲೆಳೆಯಂಥ ಬಿರುಕುಗಳು ಏಳುತ್ತವೆ. ಮೇಲಿನ ಗ್ರಿಪ್ ಮಾತ್ರ ಹೊಸದರಂತೆಯೇ ಇರುವುದರಿಂದ ನಮಗೆ ಅನುಮಾನವೇ ಬರುವುದಿಲ್ಲ.

ನಮ್ಮ ಪರಿಚಯದ ಒಂದು ಕುಟುಂಬಕ್ಕೆ ಆದದ್ದು ಹೀಗೆಯೇ. ಆಗಸ್ಟ್ ತಿಂಗಳ ಉರಿಬಿಸಿಲು. ಮಗನನ್ನು ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಸೇರಿಸಲು ಐ-57ರಲ್ಲಿ ಹೊರಟಿದ್ದರು. ಕಾರಿನಲ್ಲಿ ನಾಲ್ಕು ಜನ, ಹಿಂದೆ ತುಂಬಿದ ಟ್ರೇಲರ್. ಕ್ಯಾಂಕಕೀ ದಾಟುವ ಮುನ್ನ ಬಲಗಡೆಯ ಟೈರು ಸಿಡಿಯಿತು. ಟ್ರೇಲರ್ ಬಾಲ ಅಲ್ಲಾಡಿಸಿದಂತೆ ಎಡಕ್ಕೂ ಬಲಕ್ಕೂ ಎಳೆದಾಡಿತು. ಗೆಳೆಯರು ಗಾಬರಿಯಲ್ಲಿ ಬ್ರೇಕ್ ಒತ್ತದೆ, ಆಕ್ಸಿಲರೇಟರಿನಿಂದ ಮೆಲ್ಲಗೆ ಕಾಲು ತೆಗೆದು, ಸ್ಟಿಯರಿಂಗ್ ನೇರ ಹಿಡಿದುಕೊಂಡರು. ಪುಣ್ಯಕ್ಕೆ ಪಕ್ಕದ ಸಾಲಿನಲ್ಲಿ ಲಾರಿ ಇರಲಿಲ್ಲ. ಕಿತ್ತುಬಂದ ರಬ್ಬರಿನ ಪಟ್ಟಿ ಮಡ್‌ಗಾರ್ಡನ್ನು ಕಾಗದದ ಹಾಗೆ ಹರಿದು, ಹಿಂದಿನ ದೀಪದ ವೈರುಗಳನ್ನೂ ಎಳೆದುಹಾಕಿತ್ತು. ಸ್ಟೆಪ್ನಿ ಇರಲಿಲ್ಲ. ಅವರ ಫೋನ್ ಬಂದ ಮೇಲೆ ಲೊಂಬಾರ್ಡಿನಿಂದ ಒಂದು ಚಕ್ರ ಹುಡುಕಿ ತೆಗೆದುಕೊಂಡು ನಾನು ಹೋಗಿ ಸೇರುವ ಹೊತ್ತಿಗೆ ಮೂರು ಗಂಟೆ ಕಳೆದಿತ್ತು. ತಾಯಿ, ಮಗಳು ಇಬ್ಬರೂ ರಸ್ತೆಯಿಂದ ದೂರ, ತಡೆಬೇಲಿಯ ಆಚೆ ಹುಲ್ಲಿನ ಮೇಲೆ ಛತ್ರಿ ಹಿಡಿದು ಕೂತಿದ್ದರು. "ಗ್ರಿಪ್ ಹೊಸದರ ಹಾಗೇ ಇತ್ತಲ್ರೀ, ನಿನ್ನೆ ತಾನೇ ನೋಡಿದ್ದೆ!" ಎಂದು ಗೆಳೆಯರು ಮತ್ತೆ ಮತ್ತೆ ಹೇಳುತ್ತಿದ್ದರು. ನಿಜವೇ. ಆದರೆ ಆ ಟೈರಿನ ಮೇಲಿದ್ದ ಸಂಖ್ಯೆ 2211. ಸೆಕೆಂಡ್ ಹ್ಯಾಂಡ್ ಕೊಂಡ ಟ್ರೇಲರ್. ಟೈರಿಗೆ ಆಗಲೇ ಹತ್ತು ವರ್ಷ ದಾಟಿತ್ತು.

ಈ ಸಂಖ್ಯೆ ಓದುವುದು ಬಹಳ ಸುಲಭ. ಟೈರಿನ ಪಕ್ಕೆಯಲ್ಲಿ ಡಿಓಟಿ ಎಂದು ಶುರುವಾಗುವ ಒಂದು ಸಾಲು ಇರುತ್ತದೆ. ಅದರ ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಮುಂದಿನೆರಡು ವರ್ಷ. 2211 ಎಂದರೆ 2011ನೇ ಇಸವಿಯ 22ನೇ ವಾರದಲ್ಲಿ ಹುಟ್ಟಿದ್ದು. ಜಾತಕ ಇಷ್ಟೇ! ಹೊರಗಡೆ ಈ ನಾಲ್ಕು ಅಂಕಿ ಕಾಣದಿದ್ದರೆ ಬಿಡಬೇಡಿ. ಪೂರ್ತಿ ಸಾಲು ಟೈರಿನ ಒಂದೇ ಪಕ್ಕದಲ್ಲಿರಬಹುದು, ಅದು ಒಳಗಡೆಗೆ ತಿರುಗಿರಬಹುದು. ಟಾರ್ಚ್ ಹಿಡಿದು ಕೆಳಗೆ ಬಗ್ಗಿ ನೋಡಬೇಕು. ಕೊನೆಯಲ್ಲಿ ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನದು. ಅಂಥದ್ದನ್ನು ಮೊದಲು ಬಿಚ್ಚಿಸಿ, ಆಮೇಲೆ ಈ ಲೇಖನ ಓದಿ. ಟ್ರೇಲರ್ ಟೈರುಗಳನ್ನು 3ರಿಂದ 6 ವರ್ಷದೊಳಗೆ ಬದಲಿಸಿ ಎಂಬುದು ಸಾಮಾನ್ಯವಾಗಿ ಕೇಳಿಬರುವ ಸಲಹೆ. ನನ್ನ ಲೆಕ್ಕದಲ್ಲಿ, ಬಯಲಲ್ಲಿ ನಿಲ್ಲುವ ಟ್ರೇಲರಿಗೆ ಐದು ವರ್ಷ ಸಾಕು. ಗ್ರಿಪ್ ಎಷ್ಟೇ ಚೆನ್ನಾಗಿರಲಿ. "ಇನ್ನೂ ಚೆನ್ನಾಗಿದೆ, ಯಾಕೆ ಎಸೆಯೋದು" ಎನ್ನುವ ನಮ್ಮ ಉಳಿತಾಯದ ಬುದ್ಧಿಯನ್ನು ಇಲ್ಲಿ ಸ್ವಲ್ಪ ಬದಿಗಿಡಬೇಕು.

ಎರಡನೆಯದು ಗಾಳಿ. ನನ್ನ ಅನುಭವದಲ್ಲಿ ನಮ್ಮವರು ಹೆಚ್ಚಾಗಿ ಎಡವುವುದು ಇಲ್ಲಿ. ಕಾರಿಗೆ 32 ಅಥವಾ 35 ಪಿಎಸ್‌ಐ ಹಾಕಿ ಅಭ್ಯಾಸವಾದ ಕೈ ಟ್ರೇಲರಿಗೂ ಅಷ್ಟೇ ಹಾಕಿ ನಿಲ್ಲಿಸಿಬಿಡುತ್ತದೆ. ಆದರೆ ಟ್ರೇಲರಿನ ಪುಟ್ಟ ಟೈರುಗಳಿಗೆ ಬೇಕಾದದ್ದು 50, 60, ಕೆಲವಕ್ಕೆ 90 ಪಿಎಸ್‌ಐ! ಕಾರಿನಲ್ಲಿ ಬಾಗಿಲ ಚೌಕಟ್ಟಿಗೆ ಅಂಟಿಸಿದ ಚೀಟಿಯ ಅಳತೆ ನೋಡಬೇಕು. ಟ್ರೇಲರಿನಲ್ಲೂ ಮುಂಭಾಗದ ಎಡಗಡೆ ಇಂಥದೇ ಒಂದು ಚೀಟಿ ಇರುತ್ತದೆ. ಅದು ಮಳೆಗೆ ಅಳಿಸಿಹೋಗಿದ್ದರೆ, ಟ್ರೇಲರಿಗೆಂದೇ ಮಾಡಿದ ಟೈರಿನ ಪಕ್ಕೆಯಲ್ಲಿ ಬರೆದಿರುವ ಗರಿಷ್ಠ ಒತ್ತಡವನ್ನೇ ತುಂಬಿಸಬೇಕು. ಅಲ್ಲಿ ನಮೂದಿಸಿದ ಭಾರವನ್ನು ಟೈರು ಹೊರುವುದು ಅಷ್ಟು ಒತ್ತಡವಿದ್ದಾಗ ಮಾತ್ರ. ಗಾಳಿ ಕಡಿಮೆಯಾದರೆ ಪಕ್ಕೆ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಒಳಗಿನ ಪದರಗಳ ಅಂಟು ಬಿಡುತ್ತದೆ. ಮುಪ್ಪಾದ ರಬ್ಬರಿಗೆ ಈ ಬಿಸಿಯೂ ಸೇರಿದರೆ ಐ-57ರಲ್ಲಿ ಆದದ್ದೇ ಆಗುತ್ತದೆ.

ಗಾಳಿಯನ್ನು ಹೊರಡುವ ಮೊದಲೇ, ಟೈರು ತಣ್ಣಗಿರುವಾಗ ಅಳೆಯಬೇಕು. ಓಡಿದ ಮೇಲೆ ಒತ್ತಡ ಏರಿರುವುದು ಸಹಜ, ಹೆಚ್ಚಾಗಿದೆಯೆಂದು ಬಿಡಬೇಡಿ. ನಮ್ಮೂರಿನ ಹವೆಯಲ್ಲಿ ಇನ್ನೊಂದು ಲೆಕ್ಕವೂ ಇದೆ. ತಾಪಮಾನ 10 ಡಿಗ್ರಿ ಫ್ಯಾರನ್‌ಹೀಟ್ ಇಳಿದರೆ ಸುಮಾರು 1 ಪಿಎಸ್‌ಐ ಇಳಿಯುತ್ತದೆ. ಹೆಚ್ಚು ಒತ್ತಡದ ಟೈರಿನಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಸೆಪ್ಟೆಂಬರಿನ 70 ಡಿಗ್ರಿಯಲ್ಲಿ 50 ತುಂಬಿಸಿಟ್ಟ ಟೈರು ಜನವರಿಯ ಸೊನ್ನೆ ಡಿಗ್ರಿಯಲ್ಲಿ 41ರ ಹತ್ತಿರ ಬಂದಿರುತ್ತದೆ, ಒಂದು ಚೂರೂ ಸೋರದೆ! ಸೋರಿಕೆಯೂ ಸೇರಿದರೆ ಕೇಳುವುದೇ ಬೇಡ. ಹೆಬ್ಬೆರಳಿನಲ್ಲಿ ಒತ್ತಿ ನೋಡುವುದು, ಕಾಲಿನಲ್ಲಿ ಒದ್ದು ನೋಡುವುದು ಸೈಕಲ್ಲಿಗೆ ಸರಿ. ಇಲ್ಲಿ ನೂರು ಪಿಎಸ್‌ಐವರೆಗೆ ಅಳೆಯುವ ಒಂದು ಒಳ್ಳೆಯ ಗೇಜ್ ಕೊಳ್ಳಿ.

ಕಾರಿನಲ್ಲಿ ಗಾಳಿ ಇಳಿದರೆ ಹಳದಿ ದೀಪ ಹತ್ತುತ್ತದಲ್ಲ, ಅದಕ್ಕೂ ನಮ್ಮ ಇಲಿನಾಯ್‌ಗೂ ನಂಟಿದೆ. 2000ದ ಆಗಸ್ಟಿನಲ್ಲಿ ಫೈರ್‌ಸ್ಟೋನ್ ಕಂಪನಿ 65 ಲಕ್ಷ ಟೈರುಗಳನ್ನು ವಾಪಸ್ ಕರೆಯಿತು. ಓಡುವಾಗಲೇ ಮೇಲಿನ ಪದರ ಕಿತ್ತುಬಂದು ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳು ಪಲ್ಟಿ ಹೊಡೆಯುತ್ತಿದ್ದವು. ಇನ್ನೂರಕ್ಕೂ ಹೆಚ್ಚು ಸಾವುಗಳು ಈ ಟೈರುಗಳೊಂದಿಗೆ ತಳುಕು ಹಾಕಿಕೊಂಡವು. ಅನುಮಾನಕ್ಕೆ ಗುರಿಯಾದ ಟೈರುಗಳಲ್ಲಿ ಬಹಳಷ್ಟು ನಮ್ಮದೇ ರಾಜ್ಯದ ಡಿಕೇಟರ್ ಊರಿನ ಕಾರ್ಖಾನೆಯವು. ಆ ಕಾರ್ಖಾನೆ 2001ರ ಡಿಸೆಂಬರಿನಲ್ಲಿ ಮುಚ್ಚಿತು. ತಪ್ಪು ಟೈರಿನದೋ ಗಾಡಿಯದೋ ಎಂದು ಎರಡು ಕಂಪನಿಗಳೂ ಕಿತ್ತಾಡಿದವು. ಆ ಗಾಡಿಗೆ ಶಿಫಾರಸಾಗಿದ್ದ 26 ಪಿಎಸ್‌ಐ ಗಾಳಿ ಕಡಿಮೆಯೇ ಎಂಬ ವಾದವೂ ಬಹಳ ನಡೆಯಿತು. 2000ದಲ್ಲೇ ಸಂಸತ್ತು ಟ್ರೆಡ್ ಆಕ್ಟ್ ಎಂಬ ಕಾಯಿದೆ ಮಾಡಿತು. ಅದರ ಫಲವಾಗಿ 2008ರ ಮಾದರಿಯಿಂದ ಎಲ್ಲಾ ಹೊಸ ಕಾರುಗಳಲ್ಲಿ ಗಾಳಿ ಇಳಿದರೆ ಎಚ್ಚರಿಸುವ ದೀಪ ಕಡ್ಡಾಯವಾಯಿತು. ಸಣ್ಣ ಟ್ರೇಲರಿಗೆ ಅಂಥ ಕಡ್ಡಾಯವೇನೂ ಇಲ್ಲ. ಕಾರಿನ ಟೈರು ಇಳಿದರೆ ಸ್ಟಿಯರಿಂಗ್ ಎಳೆಯುತ್ತದೆ, ಸೀಟು ಅದುರುತ್ತದೆ. ಹಿಂದಿನ ಟ್ರೇಲರಿನದು ಇಳಿದರೆ ಪಾಡಿಗೆ ತಾನು ಹಾಡು ಕೇಳುತ್ತಾ ಹೋಗುತ್ತಿರುವ ನಮಗೆ ತಿಳಿಯುವುದು ಹೊಗೆ ಬಂದ ಮೇಲೆ. ವಾಲ್ವಿನ ತುದಿಗೆ ತಿರುಪಿ ಹಾಕುವ ಸೆನ್ಸರುಗಳು ಈಗ ಸಿಗುತ್ತವೆ. ಒತ್ತಡ, ಶಾಖ ಎರಡನ್ನೂ ಡ್ಯಾಶ್‌ಬೋರ್ಡಿನ ಮೇಲಿನ ಪುಟ್ಟ ಪರದೆಯಲ್ಲಿ ತೋರಿಸುತ್ತವೆ. ಡೆಟ್ರಾಯಿಟಿನ ಕಾರ್ಯಕ್ರಮಕ್ಕೆಂದು ಐ-94ರಲ್ಲಿ ಮುನ್ನೂರು ಮೈಲಿಯಷ್ಟು ಎಳೆದೊಯ್ಯುವವರಿಗೆ ಅದು ದುಂದುವೆಚ್ಚವಲ್ಲ.

ಇನ್ನು ಭಾರ. ಇದನ್ನು ಕಣ್ಣಳತೆಗೆ ಬಿಡಲೇಬಾರದು. ಮಂಡ್ಯದ ಕಡೆ ಕಬ್ಬಿನ ಗಾಡಿಗಳನ್ನು ನೋಡಿ ಬೆಳೆದವರಿಗೆ ಗಾಡಿ ತುಂಬುವುದೆಂದರೆ ಆಕಾಶ ಮುಟ್ಟುವವರೆಗೂ ಎಂಬ ಕಲ್ಪನೆ ಇದ್ದೇ ಇದೆ. ಲೆಕ್ಕ ಹಾಕಿ ನೋಡಿ. ಐದು ಅಡಿ ಅಗಲ, ಎಂಟು ಅಡಿ ಉದ್ದ, ಒಂದಡಿ ಎತ್ತರದ ಅಂಚಿರುವ ತೊಟ್ಟಿ 40 ಘನ ಅಡಿ, ಅಂದರೆ ಸುಮಾರು ಒಂದೂವರೆ ಘನ ಗಜ ಹಿಡಿಸುತ್ತದೆ. ಮಲ್ಚ್ ಒಂದು ಘನ ಗಜಕ್ಕೆ 400ರಿಂದ 800 ಪೌಂಡ್ ತೂಗುತ್ತದೆ. ತೊಟ್ಟಿ ತುಂಬಿದರೂ 1200 ದಾಟದು. ಅದೇ ತೊಟ್ಟಿಗೆ ತೇವದ ತೋಟದ ಮಣ್ಣು ತುಂಬಿದರೆ? ಘನ ಗಜಕ್ಕೆ 2000 ಪೌಂಡಿಗೆ ಕಡಿಮೆಯಿಲ್ಲ. ಒಟ್ಟು 3000 ಮೀರುತ್ತದೆ. ಟ್ರೇಲರಿನ ಚೀಟಿಯಲ್ಲಿ ಒಟ್ಟು ತೂಕ 2000 ಎಂದಿದ್ದು, ಖಾಲಿ ಟ್ರೇಲರೇ 600 ಪೌಂಡ್ ಇದ್ದರೆ ನಮಗೆ ಉಳಿಯುವುದು 1400. ಅಂದರೆ ಇಪ್ಪತ್ತು ಪೌಂಡಿನ ಅಕ್ಕಿ ಚೀಲ ಎಪ್ಪತ್ತು. ಹೀಗೆ ಅಕ್ಕಿ ಚೀಲದ ಲೆಕ್ಕದಲ್ಲಿ ಹೇಳಿದರೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬೇಗ ಅರ್ಥವಾಗುತ್ತದೆ! ನಿಖರವಾಗಿ ತಿಳಿಯಬೇಕಾದರೆ ಹೆದ್ದಾರಿಯ ಟ್ರಕ್ ಸ್ಟಾಪುಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ತೂಕದ ಕಟ್ಟೆಗಳಿವೆ. ಸ್ವಲ್ಪ ಹಣಕ್ಕೆ ತೂಕದ ಚೀಟಿ ಕೊಡುತ್ತಾರೆ. ಸಾಮಾನಿನ ಭಾರ ಅಚ್ಚಿಗಿಂತ ಮುಂದಕ್ಕೆ ತುಸು ಹೆಚ್ಚಿರಬೇಕು. ಒಟ್ಟು ತೂಕದ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಕಾರಿನ ಕೊಂಡಿಯ ಮೇಲೆ ಕೂರಬೇಕು. ಹಿಂದೆ ಭಾರವಾದರೆ ಟೈರು ಎಷ್ಟೇ ಹೊಸದಿದ್ದರೂ ಟ್ರೇಲರ್ ತೂರಾಡುತ್ತದೆ.

ಕೊಳ್ಳುವಾಗ ಏನು ನೋಡಬೇಕು? ಎಸ್‌ಟಿ 175/80 ಆರ್ 13 ಎಂದು ಬರೆದಿದೆ ಎನ್ನಿ. ಎಸ್‌ಟಿ ಎಂದರೆ ಟ್ರೇಲರಿಗೆಂದೇ ಮಾಡಿದ್ದು. 175 ಮಿಲಿಮೀಟರ್ ಅಗಲ. ಪಕ್ಕೆಯ ಎತ್ತರ ಆ ಅಗಲದ ನೂರಕ್ಕೆ 80. ಆರ್ ಎಂದರೆ ರೇಡಿಯಲ್. 13 ಇಂಚಿನ ರಿಮ್. ಆರ್ ಇರುವ ಜಾಗದಲ್ಲಿ ಡಿ ಇದ್ದರೆ ಹಳೆಯ ಬಗೆಯ ಬಯಾಸ್ ಟೈರು, ಒಳಗಿನ ದಾರಗಳು ಓರೆಯಾಗಿ ಹೆಣೆದಿರುತ್ತವೆ. (ಮೈಸೂರಿನವರಿಗೆ ವಿಕ್ರಾಂತ್ ಟೈರ್ ಕಾರ್ಖಾನೆ ನೆನಪಿರುತ್ತದೆ; ಅದು 1997ರಲ್ಲಿ ಜೆ.ಕೆ. ಸಂಸ್ಥೆಯ ಕೈಸೇರಿತು. ನಾವು ಚಿಕ್ಕವರಿದ್ದಾಗ ಕಂಡ ಲಾರಿ, ಬಸ್ಸುಗಳೆಲ್ಲ ಓಡುತ್ತಿದ್ದುದು ಈ ಬಯಾಸ್ ಟೈರುಗಳ ಮೇಲೆಯೇ.) ದೂರದ ಹೆದ್ದಾರಿ ಪ್ರಯಾಣಕ್ಕೆ ಕಡಿಮೆ ಬಿಸಿಯಾಗುವ ರೇಡಿಯಲ್ ಮೇಲು, ಅಂಗಡಿಯಿಂದ ಮನೆಗೆ ಮಲ್ಚ್ ತರಲು ಬಯಾಸ್ ಸಾಕು. ಒಂದೇ ಅಚ್ಚಿಗೆ ಒಂದು ಅದು, ಒಂದು ಇದು ಬೇಡ.

ಅಳತೆಗಿಂತ ಮುಖ್ಯವಾದದ್ದು ಲೋಡ್ ರೇಂಜ್ ಎಂಬ ಅಕ್ಷರ. ಮೇಲೆ ಹೇಳಿದ 13 ಇಂಚಿನ ರೇಡಿಯಲ್ಲೇ ಬಿ ಅಕ್ಷರದ್ದಾದರೆ 35 ಪಿಎಸ್‌ಐನಲ್ಲಿ 1100 ಪೌಂಡ್, ಸಿ ಅಕ್ಷರದ್ದಾದರೆ 50 ಪಿಎಸ್‌ಐನಲ್ಲಿ 1360 ಪೌಂಡ್ ಹೊರುತ್ತದೆ. ನೋಡಲು ಎರಡೂ ಅವಳಿ-ಜವಳಿ! ಬಹಳ ಅಗ್ಗದ ಟ್ರೇಲರುಗಳಲ್ಲಿ ಬರುವ 4.80-12 ಎಂಬ ಸಣ್ಣ ಟೈರು ಬಿಯಲ್ಲಿ 785 ಪೌಂಡ್, 60 ಪಿಎಸ್‌ಐ. ಸಿಯಲ್ಲಿ 990 ಪೌಂಡ್, 90 ಪಿಎಸ್‌ಐ. ಬೆಲೆಯ ವ್ಯತ್ಯಾಸ ಸ್ವಲ್ಪವೇ ಆದ್ದರಿಂದ ನಾನು ಯಾವಾಗಲೂ ಒಂದು ಅಕ್ಷರ ಮೇಲಿನದನ್ನೇ ತರುತ್ತೇನೆ. ಹಾಗೆ ತರುವಾಗ ರಿಮ್ಮೂ ಅಷ್ಟು ಒತ್ತಡ ತಡೆಯುತ್ತದೆಯೇ ನೋಡಿಕೊಳ್ಳಿ. ಸಾಮಾನ್ಯ ರಬ್ಬರ್ ವಾಲ್ವು 65 ಪಿಎಸ್‌ಐ ಮೇಲೆ ನಡೆಯದು. ಹೆಚ್ಚು ಒತ್ತಡದ್ದನ್ನು ಕೇಳಿ ಹಾಕಿಸಬೇಕು. ಟೈರು ಬಲವಾಯಿತೆಂದು ಅಚ್ಚು ಬಲವಾಗುವುದಿಲ್ಲ, ಆದ್ದರಿಂದ ಚೀಟಿಯ ಒಟ್ಟು ತೂಕ ಮಾತ್ರ ಹಾಗೇ ಉಳಿಯುತ್ತದೆ. ಗ್ಯಾರೇಜಿನಲ್ಲಿ ಬಿದ್ದಿರುವ ಕಾರಿನ ಹಳೆ ಟೈರನ್ನೇ ಹಾಕಿದರಾಗದೇ ಎಂದು ಕೇಳುವವರಿದ್ದಾರೆ. ಕಾರಿನ ಟೈರನ್ನು ಟ್ರೇಲರಿಗೆ ಹಾಕಿದರೆ ಅದರ ಮೇಲೆ ಬರೆದ ಭಾರವನ್ನು 1.1ರಿಂದ ಭಾಗಿಸಬೇಕೆಂಬ ನಿಯಮವಿದೆ, ಪಕ್ಕೆಯೂ ಮೆದು. ಬೇಡ ಎಂಬುದೇ ನನ್ನ ಉತ್ತರ.

ಅಂಗಡಿಯಲ್ಲಿ ಹೊಸದನ್ನು ಕೊಳ್ಳುವಾಗಲೂ ಜಾತಕ ನೋಡಿ. ಎರಡು ವರ್ಷ ಕಪಾಟಿನಲ್ಲಿ ಕೂತಿದ್ದ ಟೈರನ್ನು ಹೊಸದರ ಬೆಲೆಗೆ ತರಬೇಕಾಗಿಲ್ಲ. ರಿಮ್ ಸಮೇತ ಸಿಗುವ ಚಕ್ರವಾದರೆ ಬೋಲ್ಟುಗಳ ಲೆಕ್ಕ, ಅವುಗಳ ವೃತ್ತದ ಅಡ್ಡಳತೆ ಬರೆದುಕೊಂಡು ಹೋಗಿ: ನಾಲ್ಕು ಬೋಲ್ಟಿಗೆ ನಾಲ್ಕು ಇಂಚು, ಐದಕ್ಕೆ ನಾಲ್ಕೂವರೆ ಇಂಚು ಸಾಮಾನ್ಯ. ಎರಡರ ಬದಲು ಮೂರು ಚಕ್ರ ತನ್ನಿ. ಸಣ್ಣ ಟ್ರೇಲರುಗಳ ಜೊತೆ ಸ್ಟೆಪ್ನಿ ಹೆಚ್ಚಾಗಿ ಬರುವುದಿಲ್ಲ, ಕಾರಿನ ಸ್ಟೆಪ್ನಿ ಅದಕ್ಕೆ ಕೂರುವುದೂ ಇಲ್ಲ. ಕಾರಿನ ಸ್ಪ್ಯಾನರ್ ಟ್ರೇಲರಿನ ನಟ್ಟಿಗೆ ಹೊಂದುತ್ತದೆಯೇ, ಜಾಕ್ ಅದರಡಿ ಕೂರುತ್ತದೆಯೇ ಎಂದು ಮನೆಯಲ್ಲೇ ಒಮ್ಮೆ ಪರೀಕ್ಷಿಸಿ. ರಸೀದಿಯ ಜೊತೆ ಕೊಡುವ ನೋಂದಣಿ ಕಾರ್ಡನ್ನು ಎಸೆಯಬೇಡಿ. ಫೈರ್‌ಸ್ಟೋನಿನ ಹಾಗೆ ನಾಳೆ ಯಾರಾದರೂ ಟೈರು ವಾಪಸ್ ಕರೆದರೆ ಆ ಸುದ್ದಿ ನಿಮ್ಮ ಮನೆಗೆ ಬರುವುದು ಆ ಕಾರ್ಡಿನ ವಿಳಾಸಕ್ಕೆ.

ವೇಗದ ಬಗ್ಗೆ ಒಂದೇ ಮಾತು. ವೇಗದ ಅಕ್ಷರ ಬರೆಯದ ಎಸ್‌ಟಿ ಟೈರಿನ ಮಿತಿ ಗಂಟೆಗೆ 65 ಮೈಲಿ. ಈಗೀಗ ಎಂ ಅಕ್ಷರದವು ಬಂದಿವೆ, ಅವಕ್ಕೆ 81. ಇಲಿನಾಯ್ ಹಳ್ಳಿಗಾಡಿನ ಇಂಟರ್‌ಸ್ಟೇಟ್‌ಗಳ ಬೋರ್ಡುಗಳಲ್ಲಿ 2014ರಿಂದ 70 ಎಂದಿರುತ್ತದೆ. ಅದು ರಸ್ತೆಯ ಲೆಕ್ಕ, ನಿಮ್ಮ ಟೈರಿನ ಲೆಕ್ಕವಲ್ಲ. ಮೇಲಾಗಿ 3000 ಪೌಂಡಿನೊಳಗಿನ ಟ್ರೇಲರಿಗೆ ಇಲ್ಲಿ ಬ್ರೇಕೇ ಬೇಕಾಗಿಲ್ಲ. ಅಷ್ಟನ್ನೂ ನಿಲ್ಲಿಸುವುದು ನಿಮ್ಮ ಕಾರಿನ ಬ್ರೇಕು. 60ರಲ್ಲಿ ಹೋದರೆ ಶಾಂಪೇನ್ ಹದಿನೈದು-ಇಪ್ಪತ್ತು ನಿಮಿಷ ತಡವಾಗಿ ಸಿಗುತ್ತದೆ, ಅಷ್ಟೇ.

ಊರಿನಲ್ಲಿ ಎತ್ತಿನ ಗಾಡಿ ಕಟ್ಟುವ ಮೊದಲು ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದರು, ಕಡಾಣಿ ಭದ್ರವೇ ಎಂದು ತಟ್ಟಿ ನೋಡುತ್ತಿದ್ದರು. ಕೀಲೆಣ್ಣೆಯ ಜಾಗಕ್ಕೆ ಈಗ ಬೇರಿಂಗಿನ ಗ್ರೀಸ್ ಬಂದಿದೆ, ವರ್ಷಕ್ಕೊಮ್ಮೆ ನೋಡಿಸಬೇಕು. ಕಡಾಣಿಯ ಜಾಗಕ್ಕೆ ವೀಲ್ ನಟ್ಟುಗಳು. ಚಕ್ರ ಬದಲಿಸಿದ ಮೇಲೆ ಒಂದರ ಪಕ್ಕದ್ದನ್ನಲ್ಲ, ಎದುರಿನದನ್ನು ಬಿಗಿಯುತ್ತಾ ಹೋಗಿ. ಮೊದಲ 10, 25, 50 ಮೈಲಿಗಳಲ್ಲಿ ನಿಲ್ಲಿಸಿ ಮತ್ತೆ ಬಿಗಿಯಬೇಕು. ಹಾಗೆ ನಿಂತಾಗ ಎರಡೂ ಚಕ್ರದ ಗುಂಬದ ಹತ್ತಿರ ಕೈ ಒಯ್ದು ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾರದಷ್ಟು ಸುಡುತ್ತಿದ್ದರೆ ಮುಂದಕ್ಕೆ ಹೋಗಬೇಡಿ.

ಚಳಿಗಾಲಕ್ಕೆ ಟ್ರೇಲರನ್ನು ನಿಲ್ಲಿಸುವಾಗ ಗಾಳಿ ಪೂರ್ತಿ ತುಂಬಿಸಿ, ಚೌಕಟ್ಟಿನಡಿ ಸ್ಟ್ಯಾಂಡ್ ಕೊಟ್ಟು ಟೈರಿನ ಮೇಲಿನ ಭಾರ ಇಳಿಸಿ. ಅದಾಗದಿದ್ದರೆ ಕೆಳಗೆ ಪ್ಲೈವುಡ್ ಹಲಗೆಯನ್ನಾದರೂ ಹಾಕಿ, ತಿಂಗಳಿಗೊಮ್ಮೆ ಅರ್ಧ ಸುತ್ತು ಉರುಳಿಸಿ. ಬಿಸಿಲು ಬೀಳದಂತೆ ಟೈರುಗಳಿಗೆ ಹೊದಿಕೆ ಬೇಕು. ಮಿರಮಿರ ಮಿಂಚಲೆಂದು ಪೆಟ್ರೋಲಿಯಂ ಬೆರೆತ ಪಾಲಿಶ್ ಬಳಿದರೆ ರಬ್ಬರಿನೊಳಗಿನ ರಕ್ಷಣೆಯೇ ಹೋಗುತ್ತದೆ. ಸೋಪು, ನೀರು ಸಾಕು. ಚಕ್ರಗಳನ್ನು ಬಿಚ್ಚಿ ಗ್ಯಾರೇಜಿನಲ್ಲಿ ಇಡುವವರು ಫರ್ನೇಸು, ಫ್ರೀಜರುಗಳಿಂದ ದೂರ ಇಡಿ. ವಿದ್ಯುತ್ ಮೋಟಾರುಗಳೂ ಓಝೋನ್ ಹುಟ್ಟಿಸುತ್ತವೆ.

ಬಿಚ್ಚಿಸಿದ ಹಳೆಯ ಟೈರನ್ನು ಅಂಗಡಿಯವರಿಗೇ ಕೊಟ್ಟು ಬನ್ನಿ. ಸ್ವಲ್ಪ ಶುಲ್ಕ ತೆಗೆದುಕೊಳ್ಳುತ್ತಾರೆ. ಮಕ್ಕಳಿಗೆ ಉಯ್ಯಾಲೆ ಮಾಡಿದರಾಯಿತು, ಗುಲಾಬಿ ಗಿಡಕ್ಕೆ ಕುಂಡವಾಯಿತು ಎಂದು ಶೆಡ್ಡಿನ ಹಿಂದೆ ಒರಗಿಸಿಟ್ಟರೆ ಅದರೊಳಗೆ ಮಳೆನೀರು ನಿಂತು ಸೊಳ್ಳೆಗಳ ತೊಟ್ಟಿಲಾಗುತ್ತದೆ. 2002ರಲ್ಲಿ ವೆಸ್ಟ್ ನೈಲ್ ಜ್ವರ ಹಬ್ಬಿದಾಗ ದೇಶದಲ್ಲೇ ಅತಿ ಹೆಚ್ಚು ರೋಗಿಗಳು, ಎಂಟುನೂರಕ್ಕೂ ಮೇಲೆ, ನಮ್ಮ ಇಲಿನಾಯ್‌ನಲ್ಲೇ ಇದ್ದರು. ಆ ಬೇಸಿಗೆಯಲ್ಲಿ ಇಲ್ಲಿದ್ದವರಿಗೆ ಹಿತ್ತಿಲಿನ ನಿಂತ ನೀರಿನ ವಿಷಯ ಬಿಡಿಸಿ ಹೇಳಬೇಕಾಗಿಲ್ಲ.